ಕವರ್ ಬಿಚ್ಚದ ಮಾಸ್ಕ್

ಅಣ್ಣಾ,

ತಿಂಡಿ ಒಲೆಯ ಮೇಲಿದೆ. ನಿನ್ನ ಕೆಲಸದ ಪ್ಯಾಂಟು ಒಗೆದಿಲ್ಲ. ಬಣ್ಣ ಮೆತ್ತಿ ಮೆತ್ತಿ ಅದೀಗ ಯಾರೂ ಹಿಡಿಯದೆ ತಾನೇ ನಿಲ್ಲುತ್ತಿದೆ.

ಬೇರೆ ಪ್ಯಾಂಟು ಹುಡುಕುವಾಗ ಬೀರುವಿನಲ್ಲಿ ಮಾಸ್ಕ್ ಸಿಕ್ಕಿತು. ಹೋದ ವರ್ಷ ಕಂಪನಿಯವರು ಕೊಟ್ಟದ್ದು, ಇನ್ನೂ ಕವರ್ ಬಿಚ್ಚಿಲ್ಲ. ನಿನ್ನೆ ಡಾಕ್ಟರ್ ಮಾಸ್ಕ್ ಬಗ್ಗೆ ಕೇಳಿದಾಗ ನೀನು, "ಅದಿಲ್ದೆ ಟ್ಯಾಂಕಿನೊಳಗೆ ಬಣ್ಣದ ಸ್ಪ್ರೇ ಹಿಡಿಯೋದೇ ಇಲ್ಲ ಮೇಡಂ" ಅಂದೆ. ಪಕ್ಕದಲ್ಲಿ ನಾನು ಕೋಲೆಬಸವನ ಹಾಗೆ ತಲೆಯಾಡಿಸಿದೆ.

ಹೊಸ ಸಾಮಾನು ಹಾಳಾಗುತ್ತದೆಂದು ಎತ್ತಿಡುವ ಅಮ್ಮನ ಬುದ್ಧಿ ನಿನಗೂ ಬಂದಿದೆ. ಮಾಸ್ಕ್ ಹೊಸದಾಗಿಯೇ ಇದೆ. ಕೆಮ್ಮಿ ಕೆಮ್ಮಿ ಹಳತಾಗಿರುವುದು ನಿನ್ನ ಎದೆ.

ಕವರ್ ಹರಿದು ಅದನ್ನು ಊಟದ ಡಬ್ಬಿಯ ಮೇಲಿಟ್ಟಿದ್ದೇನೆ. ಸಂಜೆ ಅದು ನಿನ್ನ ಪ್ಯಾಂಟಿನಷ್ಟೇ ಹೊಲಸಾಗಿ ಬರಬೇಕು. ಶುಚಿಯಾಗಿ ಬಂದರೆ ನಿಮ್ಮಿಬ್ಬರನ್ನೂ ಒಳಗೆ ಸೇರಿಸುವುದಿಲ್ಲ.

ತಂಗಿ