ಅಪ್ಪನ ಅಂಗಿಗೆ ಇಸ್ತ್ರಿ

ಅಕ್ಕಾ,

ನಾನು ಬೇಕರಿಗೆ ಹೊರಟೆ. ಅಮ್ಮ ಒಳಕೋಣೆಯಲ್ಲಿ ಪ್ರಾರ್ಥನೆಗೆ ಕೂತಿದ್ದಾಳೆ. ನಿನ್ನೆಯಿಂದ ಊಟ ಮುಟ್ಟಿಲ್ಲ. ಯೇಸುಸ್ವಾಮಿ ಬರುವ ಕಾಲ ಹತ್ತಿರವಾಯಿತಂತೆ. ಸಕ್ಕರೆ ಕಾಯಿಲೆಯವರು ಉಪವಾಸ ಮಾಡಬಾರದು ಎಂದು ಪಾಸ್ಟರೇ ಫೋನಿನಲ್ಲಿ ಹೇಳಿದರು. "ಅವರ ಹೊಟ್ಟೆ ನೋಡಿದ್ಯೇನೋ? ಉಪವಾಸದ ವಿಷಯ ಅವರಿಗೇನು ಗೊತ್ತು!" ಎಂದು ನನ್ನ ಬಾಯಿ ಮುಚ್ಚಿಸಿದಳು.

ಫ್ಲಾಸ್ಕಿನಲ್ಲಿ ಹಾಲಿದೆ, ಹೇಗಾದರೂ ಕುಡಿಸು. ಖಾಲಿ ಹೊಟ್ಟೆಗೆ ಮಾತ್ರೆ ಕೊಡಬೇಡ. ಕೈ ನಡುಗಿದರೆ, ಬೆವರಿದರೆ ಅವಳ ಮಾತು ಕೇಳಬೇಡ, ಸಕ್ಕರೆ ನೀರು ಕುಡಿಸಿ ಡಾಕ್ಟರಿಗೆ ಫೋನ್ ಮಾಡು.

ಬೆಳಿಗ್ಗೆ ಅಪ್ಪನ ಬಿಳಿ ಅಂಗಿ ತಂದು, "ಇಸ್ತ್ರಿ ಮಾಡ್ಕೊಡು" ಅಂದಳು. ಯಾಕಮ್ಮ ಎಂದೆ.

"ಸ್ವಾಮಿ ಬಂದಾಗ ಸತ್ತವರೆಲ್ಲ ಎದ್ದು ಬರ್ತಾರಲ್ಲೋ. ನಿಮ್ಮಪ್ಪ ಏನು ಹಾಕ್ಕೋಬೇಕು?"

ನಗಬೇಕೋ ಅಳಬೇಕೋ ತೋಚಲಿಲ್ಲ. ತಲೆ ಕೆಟ್ಟಿದೆ ಎನ್ನೋಣವೆಂದರೆ, ಪ್ರತಿ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಅದನ್ನೇ ನಂಬುತ್ತೇನೆಂದು ನಾನೂ ಹೇಳುತ್ತೇನಲ್ಲ! ಬೈಯಲು ಹೋದವನು ಅವಳ ಪಕ್ಕದಲ್ಲೇ ಮೊಣಕಾಲೂರಿದೆ. ಏನು ಕೇಳಿಕೊಳ್ಳಬೇಕೆಂದೇ ಗೊತ್ತಾಗಲಿಲ್ಲ. ಬೇಗ ಬಾ ಸ್ವಾಮಿ ಎನ್ನಲೋ, ಸ್ವಲ್ಪ ತಡೆ, ಅಮ್ಮ ಒಂದು ತುತ್ತು ತಿನ್ನಲಿ ಎನ್ನಲೋ? ಎರಡನ್ನೂ ಹೇಳಿ ಎದ್ದೆ. ನಾನೂ ಏನೂ ತಿಂದಿಲ್ಲ. ಅದು ಉಪವಾಸವೋ ಸಿಟ್ಟೋ, ನನಗೇ ತಿಳಿಯದು.

ಅಂಗಿಗೆ ಇಸ್ತ್ರಿ ಹಾಕಿ ಕುರ್ಚಿಯ ಬೆನ್ನಿಗೆ ಹಾಕಿದ್ದೇನೆ. ಮೇಲಿನ ಗುಂಡಿ ಸಡಿಲವಾಗಿದೆ. ಮರೆಯದೆ ಹೊಲಿದುಬಿಡು, ಇವತ್ತೇ.