ಅವ್ವನ ಹರಕೆ, ನನ್ನ ತೂಕ

ಅವ್ವಾ,

ಕುಶಲ ಕೇಳುವುದಿಲ್ಲ. ನೀನೂ ನನ್ನ ಕುಶಲ ಕೇಳಬೇಡ, ಕೇಳಬೇಕಾದಾಗ ಕೇಳಲಿಲ್ಲ. ಹೋದ ತಿಂಗಳು ನಂಜನಗೂಡಿನ ನಮ್ಮ ಮನೆಯಲ್ಲಿ ನಿನಗೆ ಎರಡನೇ ವರ್ಷದ ಎಡೆ ಇಟ್ಟೆವು. ನಿನ್ನ ತಂಗಿ, ಬನ್ನೂರಿನ ಚಿಕ್ಕಮ್ಮ, ನಿನ್ನ ಫೋಟೋದ ಮುಂದೆ ಮುದ್ದೆ, ಅವರೆಕಾಳು ಸಾರು, ಒಬ್ಬಟ್ಟು ಎಲ್ಲ ಜೋಡಿಸಿ, ಕೈ ಮುಗಿದು, ನನ್ನ ಕಡೆ ತಿರುಗಿದಳು. "ನಿಮ್ಮವ್ವ ಒಂದ್ ಬೆರಳು ಕುಯ್ಯಕ್ಕೂ ಬಿಡ್ನಿಲ್ಲ. ನೀನು ನೋಡುದ್ರೆ ಒಟ್ಟೆನೇ ಕುಯ್ಸ್ಕತೀನಿ ಅಂತೀಯಲ್ಲೇ ಗಿರಿಜ" ಎಂದಳು. ಬಂದ ನೆಂಟರೆಲ್ಲ ನನ್ನನ್ನೇ ನೋಡಿದರು. ಫೋಟೋದೊಳಗಿಂದ ನೀನೂ ನೋಡಿದೆ. ನಾನು ಅಡುಗೆಮನೆಗೆ ಹೋದೆ. ಅವತ್ತು ನುಂಗಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ.

ಈ ಬೇಸಿಗೆಯ ಒಂದು ಬೆಳಿಗ್ಗೆ ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ, ಬಸ್ಸನ್ನು ಹಿಂದಕ್ಕೆ ತೆಗೆಸಲು ಸೀಟಿ ಊದುತ್ತಾ ಫುಟ್‌ಬೋರ್ಡಿನಿಂದ ಇಳಿಯುತ್ತಿದ್ದೆ. ಬಲಮಂಡಿ ಅಲ್ಲೇ ಹಿಡಿದುಕೊಂಡಿತು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ, ಕುತ್ತಿಗೆಯಲ್ಲಿ ಟಿಕೆಟ್ ಮಿಷನ್ನು. "ಕ್ರೇನ್ ತರ್ಸ್ರಲಾ" ಎಂದ ಒಬ್ಬ. ಬಸ್ಸಿಗೆ ಬಸ್ಸೇ ನಕ್ಕಿತು. "ನಿನ್ನ ಇಲ್ಲೀಗಂಟ ಹೊತ್ಕೊಂಡ್ ಬಂದಿರೋಳು ನಾನೇ ಕಣಪ್ಪ, ಅದ್ಕೇನ್ ಕ್ರೇನ್ ಬೇಕಾಗಿರ್ಲಿಲ್ಲ. ಇಳಿ ಕೆಳಕ್ಕೆ" ಅಂದೆ. ತಿರುಗಿಸಿ ಕೊಡುವುದರಲ್ಲಿ ನಾನು ನಿನ್ನ ಮಗಳೇ. ಆದರೆ ಡ್ರೈವರ್ ಬಂದು ಕೈಕೊಟ್ಟು ಇಳಿಸಿದ ಮೇಲೆ, ಕಂಬ ಹಿಡಿದು ನಿಂತಿದ್ದಾಗ, ಇನ್ನೆಷ್ಟು ದಿನ ಈ ಕೆಲಸ ಮಾಡಲಾದೀತು ಎಂದು ಭಯವಾಯಿತು. ಸಕ್ಕರೆ ಕಾಯಿಲೆ ನನಗೂ ಬಂದಿದೆ ಅವ್ವ. ಮಾತ್ರೆ ಸಾಲದೆ ಸೂಜಿಗೆ ಬಂದಿದ್ದೇನೆ. ಮೈಸೂರಿನ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿಸಿ, "ತೂಕ ಇಳಿಸೋ ಆಪರೇಷನ್ ಒಂದಿದೆ, ನಿಧಾನವಾಗಿ ಯೋಚನೆ ಮಾಡಿ" ಎಂದರು. ಅಂದಿನಿಂದ ನನ್ನೊಬ್ಬಳನ್ನು ಬಿಟ್ಟು ಊರೆಲ್ಲ ಯೋಚನೆ ಮಾಡುತ್ತಿದೆ.

ಸೋಸಲೆಯ ಮನೆಯಲ್ಲಿ ಒಲೆ ಮುಂದೆ ನನ್ನನ್ನು ಕೂರಿಸಿಕೊಂಡು ಉಣ್ಣಿಸುತ್ತಿದ್ದೆಯಲ್ಲ, ಎಲ್ಲಕ್ಕಿಂತ ಮೊದಲು ಅದೇ ನೆನಪಾಗುತ್ತದೆ. ಒಂದು ಮುದ್ದೆ ಮುಗಿಯುವುದರೊಳಗೆ ಇನ್ನೊಂದು ತಟ್ಟೆಗೆ ಬಿದ್ದಿರುತ್ತಿತ್ತು. ಸಾಕು ಎಂದು ಕೈ ಅಡ್ಡ ಹಿಡಿದರೆ ಕೈಯನ್ನೇ ಸರಿಸಿ ಬಡಿಸುತ್ತಿದ್ದೆ. ಒಂದು ಸಲ ನಾನು ಹಟಕ್ಕೆ ಕೈ ತೆಗೆಯಲಿಲ್ಲ, ನೀನೂ ಸೌಟು ನಿಲ್ಲಿಸಲಿಲ್ಲ. ಬಿಸಿ ಸಾರಿಗೆ ಕೈಮೇಲೆ ಬೊಬ್ಬೆ ಎದ್ದಿತು. "ಕೈ ಯಾಕ್ ಅಡ್ಡ ಇಟ್ಟೆ? ಅವ್ವ ಇಕ್ಕುವಾಗ ಸಾಕು ಅನ್ಬಾರ್ದು" ಎಂದು ಬೈಯುತ್ತಲೇ ಬೆಣ್ಣೆ ಸವರಿದೆ. ಅದೇ ನೀನು, ಎಂಟನೇ ಕ್ಲಾಸಿನಲ್ಲಿ ನನ್ನ ಲಂಗ ಬಿಗಿಯಾದಾಗ ಪಕ್ಕದ ಮನೆಯವರ ಮುಂದೆ, "ಎಮ್ಮೆ ಬೆಳ್ದಂಗ್ ಬೆಳ್ದವ್ಳೆ, ಯಾವನ್ ಕಟ್ಕತಾನೆ ಇವ್ಳ" ಅಂದೆ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಅಂದರೆ ಇದೇ ಅಲ್ಲವೇ? ಆ ಮಾತು ಕೇಳಿ ಹಿತ್ತಿಲಲ್ಲಿ ಕೂತು ಅತ್ತವಳನ್ನು ನೀನು ಮತ್ತೆ ಊಟಕ್ಕೇ ಕರೆದೆ.

ನನ್ನ ಹರಕೆಯ ಕಥೆಯನ್ನು ನೀನು ಹೇಳುತ್ತಿದ್ದ ರೀತಿ ನೆನಪಿದೆ. ನಾನು ಹುಟ್ಟಿದಾಗ ಅಂಗೈಯಗಲ ಇದ್ದೆನಂತೆ. ಹಾಲು ಕುಡಿಯಲಿಲ್ಲ, ಅಳುವುದಕ್ಕೂ ತ್ರಾಣವಿರಲಿಲ್ಲ. ಉಳಿಯುವ ಮಗುವಲ್ಲ ಎಂದು ಸೂಲಗಿತ್ತಿ ಹೇಳಿದ್ದಳು. ಹಸಿ ಬಾಣಂತಿ ನೀನು, ಯಾರ ಮಾತೂ ಕೇಳದೆ ನನ್ನನ್ನು ಮಡಿಲಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ನಂಜನಗೂಡಿಗೆ ಬಂದು, ನಂಜುಂಡಪ್ಪನ ಮುಂದೆ ಸೆರಗೊಡ್ಡಿ, "ಈ ಕೂಸು ಮೈ ತುಂಬ್ಕಂಡ್ರೆ ಅದ್ರ ತೂಕದ ಬೆಲ್ಲ ನಿಂಗೆ" ಎಂದು ಹರಸಿಕೊಂಡೆ. ಈ ಕಥೆ ಕೇಳಿದಾಗಲೆಲ್ಲ ನಾನು ನಿನ್ನ ತೊಡೆ ಮೇಲೆ ತಲೆಯಿಟ್ಟು ಅಳುತ್ತಿದ್ದೆ. ಈಗಲೂ ಕಣ್ಣು ತುಂಬುತ್ತದೆ, ಸುಳ್ಳು ಹೇಳಲಾರೆ. ಆದರೆ ಅವ್ವ, ಮೈ ತುಂಬಲಿ ಎಂದು ಕೇಳಿದವಳು ನೀನೇ. ದೇವರು ತುಂಬಿಸಿದ. ಆಮೇಲೆ ಅದೇ ಮೈಯನ್ನು ಅವನಿಗೇ ತೋರಿಸಲು ನಾಚಿಕೊಂಡೆಯಲ್ಲ…

ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಆ ತುಲಾಭಾರದ ದಿನ ಬಂತು. ಹರಕೆ ತೀರಿಸದಿದ್ದರೆ ಕಂಕಣ ಕೂಡುವುದಿಲ್ಲ ಎಂದು ಯಾರೋ ನಿನ್ನ ಕಿವಿಯೂದಿದ್ದರು. ಚಿಕ್ಕಯ್ಯನಛತ್ರದಿಂದ ಒಂದು ಸಂಬಂಧವೂ ಬಂದಿತ್ತು. ಹುಡುಗನ ಕಡೆಯವರೂ ದೇವಸ್ಥಾನಕ್ಕೇ ಬರಲಿ, ಹಾಗೇ ಹೆಣ್ಣು ನೋಡಲಿ, ಒಂದೇ ಖರ್ಚಿನಲ್ಲಿ ಎರಡು ಕೆಲಸ ಎಂದು ಲೆಕ್ಕ ಹಾಕಿದೆ. ನಾನು ತಲೆಗೆ ನೀರು ಹಾಕಿಕೊಂಡು, ಹಸಿರು ಸೀರೆಯುಟ್ಟು, ತಕ್ಕಡಿಯ ಮುಂದೆ ನಿಂತಿದ್ದೆ. ಒಂದು ತಟ್ಟೆಯಲ್ಲಿ ಬೆಲ್ಲದ ಅಚ್ಚು ಜೋಡಿಸಿ ಆಗಿತ್ತು. ಗಂಡಿನ ತಾಯಿ ಬಾಗಿಲಲ್ಲಿ ಕಂಡದ್ದೇ ತಡ, ನೀನು ನನ್ನ ರಟ್ಟೆ ಹಿಡಿದು ಕಂಬದ ಮರೆಗೆ ಎಳೆದೆ. "ಸುಮ್ಕಿರು, ಅವ್ರ ಮುಂದೆ ನಿನ್ನ ತೂಗುದ್ರೆ ಕೆಟ್ಟೋಯ್ತದೆ" ಎಂದು, ಚಿಕ್ಕಮ್ಮನ ಮಗಳು ಶೋಭಳನ್ನು ತಳ್ಳಿ ತಕ್ಕಡಿಯಲ್ಲಿ ಕೂರಿಸಿದೆ. ಬಿದಿರುಕಡ್ಡಿಯಂಥ ಶೋಭಾ. ಅರ್ಧ ಬೆಲ್ಲ ಕೆಳಗಿಳಿಸಿದರೂ ಅವಳ ತಟ್ಟೆ ನೆಲ ಮುಟ್ಟಲಿಲ್ಲ. ಯಾರದಮ್ಮಾ ಹರಕೆ ಎಂದು ಆ ಹೆಂಗಸು ಕೇಳಿದಾಗ, "ಇವ್ಳುದೇಯ" ಎಂದು ನಗುತ್ತಾ ಹೇಳಿದೆ. ಕಂಬದ ಹಿಂದೆ ನಿಂತು ನಾನು ಎಲ್ಲ ಕೇಳಿಸಿಕೊಂಡೆ.

ಆಮೇಲೆ ಆದದ್ದನ್ನು ನೆನೆದರೆ ಈಗ ನಗುವೂ ಬರುತ್ತದೆ. ಗಂಡಿನ ಕಡೆಯವರು ಊರಿಗೆ ವಾಪಸು ಹೋಗಿ ಹೇಳಿಕಳಿಸಿದರು: ತಕ್ಕಡಿಯಲ್ಲಿ ಕೂತಿದ್ದ ಹುಡುಗಿ ಒಪ್ಪಿಗೆ. ಕೆಟ್ಟುಹೋಗಬಾರದು ಎಂದು ನೀನು ಮಾಡಿದ ಉಪಾಯಕ್ಕೆ ನನ್ನ ಹರಕೆಯೂ ಹೋಯಿತು, ನೋಡಲು ಬಂದ ಗಂಡೂ ಹೋದ. ಶೋಭಳ ಮದುವೆಯಲ್ಲಿ ನೀನು ಸೆರಗು ಸಿಕ್ಕಿಸಿಕೊಂಡು ಬಡಿಸಿದೆ. ನನ್ನ ಎಲೆಗೆ ಎರಡು ಹೋಳಿಗೆ ಹೆಚ್ಚಿಗೆ ಹಾಕಿದೆ. ಗಂಡಿಗಾಗಿ ನಾನು ಅಳಲಿಲ್ಲ, ಮುಂದೆ ಮಹೇಶ ಸಿಕ್ಕಿದ. ಆದರೆ ನನ್ನ ತೂಕದ ಬೆಲ್ಲ ಎಂದೆಯಲ್ಲ? ನಂಜುಂಡಪ್ಪನಿಗೆ ಶೋಭಾ ಯಾರು, ಗಿರಿಜ ಯಾರು ಎಂದು ಗೊತ್ತಾಗುವುದಿಲ್ಲ ಅಂದುಕೊಂಡೆಯಾ? ಈ ಪ್ರಶ್ನೆಯನ್ನು ನೀನಿರುವಾಗ ಎಷ್ಟು ಸಲ ಬಾಯಿಗೆ ತಂದುಕೊಂಡೆ, ಪ್ರತಿ ಸಲವೂ ನೀನು ತಟ್ಟೆ ತಂದಿಟ್ಟೆ.

ನಿನ್ನ ಕಾಲಿನ ಬೆರಳು ಕಪ್ಪಾದ ದಿನ ಕೂಡ ನಿನಗೆ ನಾಚಿಕೆಯೇ ಮುಂದಾಯಿತು. ಯಾರಿಗೂ ಕಾಣದ ಹಾಗೆ ಸೀರೆ ಇಳಿಬಿಟ್ಟುಕೊಂಡು ಓಡಾಡಿದೆ. ಆಸ್ಪತ್ರೆಗೆ ಎಳೆದುಕೊಂಡು ಹೋದಾಗ, ಒಂದು ಬೆರಳು ತೆಗೆದರೆ ಕಾಲು ಉಳಿಯುತ್ತದೆ, ನೀವೂ ಉಳಿಯುತ್ತೀರಿ ಎಂದರು. "ಉಟ್ಟುದ್ ಮೈಯಲ್ಲೇ ಓಯ್ತೀನಿ, ಕತ್ರಿ ಮುಟ್ಟುಸ್ಬೇಡಿ" ಎಂದು ಮಂಚದ ಸರಳು ಹಿಡಿದುಕೊಂಡೆ. ನಾನು ಕಾಲಿಗೆ ಬಿದ್ದೆ ಅವ್ವ, ಆ ಕಪ್ಪಾದ ಕಾಲಿಗೇ ಬಿದ್ದೆ. ಬೆರಳು ಉಳಿಸಿಕೊಂಡು ಹೋದೆ. ಈಗ ಊರವರು ಅದನ್ನೇ ದೊಡ್ಡ ಸಾಧನೆಯೆಂಬಂತೆ ಎತ್ತಿ ಎತ್ತಿ ಹೇಳುತ್ತಾರೆ. ಒಂದು ಬೆರಳಿಗಾಗಿ ನನ್ನನ್ನು ತಬ್ಬಲಿ ಮಾಡಿದೆ ಎಂದು ನನಗೆ ಹೇಳಲು ಜಾಗವೇ ಇಲ್ಲ.

ಆಪರೇಷನ್ ವಿಷಯ ಹೊರಬಿದ್ದ ವಾರದಲ್ಲಿ ಮನೆಗೆ ಬಂದವರು ತಂದ ಬುದ್ಧಿಮಾತಿನಲ್ಲಿ ಒಂದು ಸಂತೆ ನಡೆಸಬಹುದಿತ್ತು. ಬಿಸಿನೀರಿಗೆ ಜೇನು, ಸಂಜೆ ಊಟ ಬಿಡು, ಬೆಳಿಗ್ಗೆ ಎದ್ದು ಹೊಳೆತನಕ ನಡಿ. "ಬಾಯಿ ಕಟ್ಟಕ್ಕಾಗ್ದೋರು ಒಟ್ಟೆ ಕಟ್ಟುಸ್ಕತಾರೆ" ಎಂದನೊಬ್ಬ, ಕೈಯಲ್ಲಿ ಬೋಂಡ ಹಿಡಿದುಕೊಂಡು. ನಾನು ಬಾಯಿ ಕಟ್ಟಿದ್ದು ಇವನಿಗೇನು ಗೊತ್ತು? ನವಣೆ ತಿಂದೆ, ಸೊಪ್ಪು ತಿಂದೆ, ಬರೀ ಮಜ್ಜಿಗೆಯಲ್ಲಿ ಡ್ಯೂಟಿ ಮಾಡಿ ನಡು ಬಸ್ಸಿನಲ್ಲಿ ಕಣ್ಣು ಕತ್ತಲೆ ಬಂದು ಕೂತೆ. ಇಳಿದದ್ದು ಒಂದಕ್ಕೆರಡಾಗಿ ವಾಪಸು ಬಂತು. ಮಹೇಶ ಒಳ್ಳೆಯವನು, ನಿನಗೆ ಗೊತ್ತು. "ನೀನ್ ಇದ್ದಂಗೇ ಚೆನ್ನಾಗಿದೀಯ ಕಣೆ, ನಂಗೇನ್ ಬೇಜಾರಿಲ್ಲ" ಎಂದ. ನನಗೆ ರೇಗಿತು. "ಚೆನ್ನಾಗಿರೋದು ನಿಮ್ ಕಣ್ಣಿಗೆ. ಮಂಡಿ ನಂದು" ಎಂದೆ. ಆಗ ಅವನು, "ಭಯ ಆಯ್ತದೆ" ಎಂದ. ಮೊದಲೇ ಹಾಗೆ ಹೇಳಿದ್ದರೆ ನಾನೂ ಅಷ್ಟು ಕೂಗುತ್ತಿರಲಿಲ್ಲ.

ಎರಡನೇ ಸಲ ಹೋದಾಗ ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರು. ಹೊಟ್ಟೆಯ ಚೀಲದ ಬಹುಪಾಲು ತೆಗೆಯುತ್ತಾರೆ, ತೆಗೆದದ್ದನ್ನು ಮತ್ತೆ ಇಡಲಾಗುವುದಿಲ್ಲ. ಅಪಾಯವೇ ಇಲ್ಲ ಅನ್ನಲಿಕ್ಕೂ ಆಗುವುದಿಲ್ಲ. ಬದುಕಿರುವತನಕ ಮಾತ್ರೆ ನುಂಗಬೇಕು, ನಾಲ್ಕು ತುತ್ತಿಗೆ ನಿಲ್ಲಿಸಬೇಕು. ಮೈಮರೆತರೆ ತೂಕ ಮತ್ತೆ ಬರಲೂಬಹುದು. ಕೊನೆಗೆ ಕನ್ನಡಕ ತೆಗೆದು ಕೇಳಿದರು: "ಇದನ್ನ ಯಾರಿಗೋಸ್ಕರ ಮಾಡಿಸ್ಕೊಳ್ತಿದೀರಿ ಗಿರಿಜಾ?" ನನಗೋಸ್ಕರ ಎಂದು ತಟ್ಟನೆ ಹೇಳಬೇಕಿತ್ತು. ಆದರೆ ಕಣ್ಣಿಗೆ ಬಂದದ್ದು ಆ ಕಂಬ, ಆ ತಕ್ಕಡಿ, ನಿನ್ನ ಕೈ. ಸಣ್ಣಗಾಗಿ ಬಂದರೆ ಅವ್ವ ನನ್ನನ್ನು ತೂಗಲು ಕೂರಿಸುತ್ತಾಳೆ ಎಂದು ಒಳಗೆಲ್ಲೋ ಒಂದು ಪೆದ್ದು ಹುಡುಗಿ ಇನ್ನೂ ಕಾಯುತ್ತಿದ್ದಳು. ನೀನು ಸತ್ತು ಎರಡು ವರ್ಷವಾಗಿದೆ, ಆದರೂ… ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು ನಿನ್ನನ್ನು ಚೆನ್ನಾಗಿ ಬೈದೆ, ಗಟ್ಟಿಯಾಗಿಯೇ ಬೈದೆ. ನಿನಗೋಸ್ಕರ ಹೊಟ್ಟೆ ಕೊಯ್ಯಿಸಿಕೊಳ್ಳುವುದಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿದೆ.

ಎಡೆಯ ದಿನ ಅಡುಗೆಮನೆಗೆ ಹೋದೆ ಎಂದೆನಲ್ಲ, ಶೋಭಾ ನನ್ನ ಹಿಂದೆಯೇ ಬಂದಳು. ಆಪರೇಷನ್ ಮಾತು ಆಮೇಲೆ, ಮೊದಲು ತೀರದೆ ಉಳಿದ ನನ್ನ ಹರಕೆಯ ತುಲಾಭಾರ ಮಾಡಿಸುತ್ತೇನೆ, ಈಗಿರುವ ಹಾಗೇ ಕೂರುತ್ತೇನೆ ಎಂದೆ. ಅವಳ ತಾಯಿ, ನಿನ್ನ ತಂಗಿ, ಬಾಗಿಲಿನಿಂದಲೇ, "ಎಂಗೂ ಆಪ್ರೇಸನ್ ಮಾಡುಸ್ಕತೀಯ, ಇಳ್ದ್ ಮೇಲೆ ಕೂತ್ಕೊ, ಬೆಲ್ಲನಾರ ಉಳೀತದೆ" ಎಂದಳು. ನೀನೇ ಬಂದು ಮಾತಾಡಿದ ಹಾಗಾಯಿತು. ನಾನು ಬಾಯಿ ತೆರೆಯುವ ಮೊದಲೇ ಶೋಭಾ ಸಿಡಿದಳು: "ಸುಮ್ನಿರವ್ವ! ಇವ್ಳ್ ಅರ್ಕೆ ಮೇಲೆ ನನ್ನ ಕೂರ್ಸ್ಬುಟ್ರಿ, ನಾನೇನ್ ಕೇಳಿದ್ನಾ? ಇಪ್ಪತ್ತ್ ವರ್ಷದಿಂದ ನಂಜನಗೂಡ್ ಗುಡಿಗೆ ಕಾಲಿಡ್ನಿಲ್ಲ ನಾನು, ನಾಚ್ಕೆಗೆ." ಆಮೇಲೆ ನನ್ನ ಕಡೆ ತಿರುಗಿ, "ನಿನ್ ತಕ್ಕಡಿ ತಗೊ ಕಣೆ. ಬೇಕಾದ್ರೆ ಗಂಡನ್ನೂ ತಗೊ, ಗೊರಕೆ ತಡ್ಕಳಕ್ಕಾಗ್ದು" ಎಂದಳು. ನಿನ್ನ ಎಡೆ ಆರಿಹೋಗುತ್ತಿದ್ದರೂ ನಾವಿಬ್ಬರೂ ಬಹಳ ಹೊತ್ತು ನಕ್ಕೆವು.

ಕಳೆದ ಸೋಮವಾರ ಹೋದೆವು. ಬೆಲ್ಲ ಬನ್ನೂರಿನ ಆಲೆಮನೆಯದು, ಆಟೋದಲ್ಲಿ ಮೂಟೆ ಮೂಟೆಯಾಗಿ ಬಂತು. ಸೋಮವಾರದ ಜನ ನಿನಗೆ ಗೊತ್ತೇ ಇದೆ, ಕಾಲಿಡಲು ಜಾಗವಿರಲಿಲ್ಲ. ನನ್ನ ಬಸ್ಸಿನ ಖಾಯಂ ಗಿರಾಕಿಗಳೂ ಇದ್ದರು. ಹಸಿರು ಸೀರೆಯನ್ನೇ ಉಟ್ಟಿದ್ದೆ. ತಕ್ಕಡಿಯ ಸರಪಳಿ ಹಿಡಿದು, ಬಲಗಾಲನ್ನು ಕೈಯಿಂದಲೇ ಎತ್ತಿಟ್ಟು ಹತ್ತಿ ಕೂತೆ. ಯಾರ ಹರಕೆ ಎಂದು ಅರ್ಚಕರು ಕೇಳಿದರು. "ಹರಕೆ ನಮ್ಮವ್ವಂದು. ತೂಕ ನಂದು" ಎಂದೆ. ಆಚೆ ತಟ್ಟೆಗೆ ಶೋಭಾ ತಾನೇ ಬೆಲ್ಲ ಎತ್ತಿಟ್ಟಳು, ಬೇರೆಯವರನ್ನು ಮುಟ್ಟಲು ಬಿಡಲಿಲ್ಲ. ಇಟ್ಟಳು, ಇಟ್ಟಳು, ಅವಳ ರವಿಕೆ ಬೆವರಿನಲ್ಲಿ ತೊಯ್ದುಹೋಯಿತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಕತ್ತು ತಿರುಗಿಸಿ ಟಿಕೆಟ್ ಕೇಳುವ ಕಣ್ಣಲ್ಲಿ ನೋಡಿದೆ, ನಿಂತಿತು. ಮುಳ್ಳು ನೆಟ್ಟಗಾದಾಗ ಬೆಲ್ಲ ನೂರ ಹದಿನೆಂಟು ಕೆ.ಜಿ. ಆಗಿತ್ತು. ಬರೆದುಬಿಟ್ಟೆ ನೋಡು ಅವ್ವ. ನೀನು ಜೀವಮಾನವೆಲ್ಲ ಕಂಬದ ಹಿಂದೆ ಬಚ್ಚಿಟ್ಟದ್ದು ಇಷ್ಟೇ. ಗುಡಿ ಬೀಳಲಿಲ್ಲ, ನಂಜುಂಡಪ್ಪ ಮುಖ ತಿರುಗಿಸಲಿಲ್ಲ.

ಇಳಿದ ಮೇಲೆ ಕಪಿಲೆಯ ಮೆಟ್ಟಿಲಲ್ಲಿ ಕಾಲು ಇಳಿಬಿಟ್ಟು ಕೂತು ನನ್ನನ್ನೇ ಕೇಳಿಕೊಂಡೆ: ಈಗ ಹೇಳು, ಆಪರೇಷನ್ ಇನ್ನೂ ಬೇಕಾ? ನಾಚಿಕೆ ಎನ್ನುವುದನ್ನು ಆ ತಕ್ಕಡಿಯಲ್ಲೇ ಬಿಟ್ಟುಬಂದಿದ್ದೆ. ಮಂಡಿ ನೋವು ನನ್ನ ಜೊತೆಯೇ ಬಂದಿತ್ತು. ಸೂಜಿಯೂ ಇತ್ತು, ಚೀಲದಲ್ಲಿ. ಬೇಕು, ಎಂದೆ. ಡಾಕ್ಟರಮ್ಮನ ಪ್ರಶ್ನೆಗೆ ಅಲ್ಲಿಂದಲೇ ಫೋನ್ ಮಾಡಿ ಉತ್ತರ ಹೇಳಿದೆ. ದಿನ ಗೊತ್ತಾಗಿದೆ. ಮಹೇಶ ರಜೆ ಹಾಕಿದ್ದಾನೆ, ಶೋಭಾ ಆಸ್ಪತ್ರೆಯಲ್ಲಿ ಜೊತೆಗಿರುತ್ತೇನೆ ಎಂದಿದ್ದಾಳೆ. ನೀನು ಕತ್ತರಿಗೆ ಹೆದರಿ ಹೋದೆ. ನಾನೂ ಹೆದರಿದ್ದೇನೆ, ಹೆದರಿಕೊಂಡೇ ಹೋಗುತ್ತೇನೆ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ, ಅದಕ್ಕೆ ಆತುರವೂ ಇಲ್ಲ. ಆದರೆ ಒಂದು ಗೊತ್ತು. ಆಪರೇಷನ್ ಆಗಿ ಮೊದಲ ಸಲ ಗಂಜಿ ತಿಳಿ ಕೊಡುವಾಗ ನೀನು ಎಲ್ಲಿದ್ದರೂ ಬರುತ್ತೀಯ. ಸೌಟು ಹಿಡಿದು, "ಇಷ್ಟೇ ಇಷ್ಟು ಸಾಕಾ ನನ್ ಕೂಸಿಗೆ, ಇನ್ನೊಂದ್ ಗುಟುಕು" ಎಂದು ಬಗ್ಗುತ್ತೀಯ. ಬಾ, ಪಕ್ಕದಲ್ಲಿ ಕೂತುಕೋ. ನಾನು ಲೋಟಕ್ಕೆ ಕೈ ಅಡ್ಡ ಹಿಡಿದಿರುತ್ತೇನೆ. ನೀನು ಸುರಿದರೂ ಸರಿಯೇ, ಈ ಸಲ ಕೈ ತೆಗೆಯುವುದಿಲ್ಲ.

ನಿನ್ನ ಮಗಳು,
ಗಿರಿಜ