‘ಉಪಯುಕ್ತ’ ಎಂದು ಒತ್ತಿದ ಹದಿನಾಲ್ಕು ಸಾವಿರ ಜನರಿಗೆ

ಬೆಟಗೇರಿ, ಗದಗ
ಎರಡನೆಯ ಉರಿಮಾಸದ ಮೂವತ್ತೇಳನೆಯ ದಿನ, ಇಸವಿ ೨೧೬೩

ದಿನಾಂಕ ನೋಡಿ ನಗಬೇಡಿ. ವರ್ಷವನ್ನು ಒಂಬತ್ತು ತಿಂಗಳಾಗಿ ಹಂಚಿಕೊಂಡು ನಮಗೆ ಎಷ್ಟೋ ಕಾಲವಾಯಿತು. ಬಿಸಿಲು ಬಿಡದ ಮೂರು ತಿಂಗಳಿಗೆ ಉರಿಮಾಸ ಎಂದೇ ಹೆಸರು. ಈ ಕಾಗದದಲ್ಲಿ ನಿಮಗೆ ಅರ್ಥವಾಗದ ಇನ್ನೂ ಒಂದೆರಡು ಪದ ಬಂದಾವು. ಅದಕ್ಕೆ ಕ್ಷಮೆ ಇರಲಿ. ಉಳಿದ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ.

ನನ್ನ ಹೆಸರು ನೀಲವ್ವ ಹೊಸಳ್ಳಿ. ನಲವತ್ತೊಂಬತ್ತು ವರ್ಷ. ಗದಗಿನ ತಾರಾ ಕಚೇರಿಯಲ್ಲಿ ಮೂರನೆಯ ಕಿಟಕಿಯ ಗುಮಾಸ್ತೆ. ಯಾರೇ ಸಿನಿಮಾ ಮಾಡಿದರೂ ಮೊದಲು ನಮ್ಮ ಕಿಟಕಿಗೆ ತರಬೇಕು. ನಮ್ಮ ಯಂತ್ರ ಅದನ್ನು ಓದಿ ‘ಮುಂತೂಕ’ ಹೇಳುತ್ತದೆ. ಅಂದರೆ, ಒಬ್ಬ ಮನುಷ್ಯನೂ ನೋಡುವ ಮೊದಲೇ, ಈ ಸಿನಿಮಾಕ್ಕೆ ಪ್ರೇಕ್ಷಕರು ಎಷ್ಟು ತಾರೆ ಕೊಡುತ್ತಿದ್ದರು ಎಂಬ ಅಂದಾಜು. ಮೂರಕ್ಕಿಂತ ಕಡಿಮೆ ಬಂದರೆ ಯಾವ ಚಿತ್ರಮಂದಿರವೂ ತೋರಿಸುವ ಹಾಗಿಲ್ಲ. ಎರಡಕ್ಕಿಂತ ಕಡಿಮೆ ಬಂದದ್ದನ್ನು ಹದಿನೈದು ದಿನದಲ್ಲಿ ಅಳಿಸಿಬಿಡುತ್ತೇವೆ. ಯಾವ ಪ್ರೇಕ್ಷಕರು ಎಂದು ಕೇಳುವಿರೇನೋ. ನೀವೇ. ನಮ್ಮ ಕಾಲದಲ್ಲಿ ಸಿನಿಮಾದ ಬಗ್ಗೆ ಯಾರೂ ಅಭಿಪ್ರಾಯ ಬರೆಯುವುದಿಲ್ಲ. ತಾರೆ ಮೊದಲೇ ಗೊತ್ತಿರುವಾಗ ಬರೆಯುವುದಕ್ಕೆ ಉಳಿದದ್ದಾದರೂ ಏನು? ಆದ್ದರಿಂದ ಯಂತ್ರಕ್ಕೆ ಕಲಿಸಲು ಸಿಕ್ಕಿದ್ದು ನಿಮ್ಮ ಕಾಲದ ಅಭಿಪ್ರಾಯಗಳು ಮಾತ್ರ. ನೀವು ಫೋನಿನಲ್ಲಿ ಬರೆದು ಮರೆತ ಒಂದೊಂದು ಸಾಲೂ ನಮ್ಮಲ್ಲಿ ಕಾನೂನಾಗಿ ಕೂತಿದೆ.

ನಮ್ಮ ಸಿನಿಮಾಗಳನ್ನು ನೀವೊಮ್ಮೆ ನೋಡಬೇಕಿತ್ತು. ಎಲ್ಲವೂ ನೂರ ನಾಲ್ಕು ನಿಮಿಷ. ಏಳನೆಯ ನಿಮಿಷದೊಳಗೆ ಒಂದು ಹೊಡೆದಾಟ, ಮಧ್ಯಂತರಕ್ಕೆ ಒಂದು ಆಘಾತ, ಕೊನೆಗೆ ಎಲ್ಲರೂ ಒಟ್ಟಿಗೆ ನಿಂತು ನಗುವುದು. ಮೌನ ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಇರುವುದಿಲ್ಲ, ಯಾಕೆಂದರೆ ಅದನ್ನು ನೀವು ‘ಲ್ಯಾಗ್’ ಎಂದು ಬರೆದಿದ್ದೀರಿ. ವಾರಕ್ಕೊಮ್ಮೆ ಊರೆಲ್ಲ ಹೋಗುತ್ತದೆ. ತಂಪು ಗಾಳಿಯಲ್ಲಿ ಕೂತು ಹುಣಸೆ ಪಾನಕ ಕುಡಿಯುತ್ತೇವೆ, ಹೊರಗೆ ಬಂದು ‘ನಾಕೂ ಕಾಲು ಇತ್ತು, ಹಂಗ ಇತ್ತು ನೋಡು’ ಎನ್ನುತ್ತೇವೆ. ಮರುದಿನ ಕಥೆ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ನಾನೂ ಹಾಗೆಯೇ ಇದ್ದೆ. ಸುಖವಾಗಿಯೇ ಇದ್ದೆ.

ನನಗೊಬ್ಬಳು ಅಕ್ಕ ಇದ್ದಾಳೆ, ದಾನಮ್ಮ. ಹನ್ನೊಂದು ವರ್ಷ ಒಂದೇ ಸಿನಿಮಾ ಮಾಡಿದಳು. ಬೆಟಗೇರಿಯಲ್ಲಿ ಕುಣಿಮಗ್ಗದ ಮೇಲೆ ನೇಯಲು ಬರುತ್ತಿದ್ದ ಕೊನೆಯ ಹೆಂಗಸು ಅಂಬವ್ವ. ಆಕೆಗೆ ಎಂಬತ್ಮೂರು ವರ್ಷ. ಸಿನಿಮಾದಲ್ಲಿ ಇದ್ದವಳು ಆಕೆಯೊಬ್ಬಳೇ. ಸತ್ತ ಗಂಡ ಅರ್ಧ ನೇಯ್ದು ಬಿಟ್ಟ ಸೀರೆಯಲ್ಲಿ ಎಲ್ಲೋ ಒಂದು ಎಳೆ ತಪ್ಪಿರುತ್ತದೆ. ಹೆಂಡತಿ ಅದನ್ನು ಹುಡುಕುತ್ತ ಸೀರೆಯನ್ನು ಬಿಚ್ಚುತ್ತ ಹೋಗುತ್ತಾಳೆ. ಇಷ್ಟೇ ಕಥೆ.

ಹೋದ ವರ್ಷ ಒಂದು ಮಂಗಳವಾರ ಬೆಳಿಗ್ಗೆ ಅಕ್ಕ ನನ್ನ ಕಿಟಕಿಗೇ ಬಂದಳು. ಬೇರೆ ಎರಡು ಕಿಟಕಿ ಖಾಲಿ ಇದ್ದವು. ಯಂತ್ರ ಸಿನಿಮಾ ಓದಿತು. ಒಂದು ಬಿಂದು ಎಂಟು ಬಂತು. ನಾನು ಚೀಟಿಯಲ್ಲಿ ಬರೆದು ಆಕೆಯ ಕಡೆ ತಿರುಗಿಸಿದೆ.

“ಯಾಕಂತ ಕೇಳು,” ಎಂದಳು.

ಕಾರಣ ಕೇಳುವ ಹಕ್ಕು ಎಲ್ಲರಿಗೂ ಇದೆ, ಯಾರೂ ಕೇಳುವುದಿಲ್ಲ. ನಾನು ತೆಗೆಸಿದೆ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಭಾರವಾಗಿ ಇದ್ದದ್ದು ನಿಮ್ಮ ಕಾಲದ ಒಂದು ಸಾಲು. ಮುದುಕಿಯೊಬ್ಬಳ ಮೇಲೆ ಯಾರೋ ಮಾಡಿದ್ದ ಒಂದು ಸಣ್ಣ ಸಿನಿಮಾದ ಬಗ್ಗೆ ‘ಸತ್ಯವಾದಿ ೭೭’ ಎಂಬಾತ ಬರೆದದ್ದು: ‘ನಾನು ನೋಡಿಲ್ಲ, ಆದರೆ ಟ್ರೇಲರ್ ನೋಡಿದರೇ ಗೊತ್ತಾಗುತ್ತೆ. ಮುದುಕಿ ಸುಮ್ನೆ ಕೂತಿರ್ತಾಳೆ. ನಿದ್ದೆ ಗ್ಯಾರಂಟಿ. ಒಂದು ಸ್ಟಾರ್.’

ಅಕ್ಕ ಎರಡು ಸಲ ಓದಿದಳು.

“ನೋಡೇ ಇಲ್ಲಂತ ಅವನ ಬರದಾನಲ್ಲ, ನೀಲಾ. ನೋಡದವನ ಮಾತಿಗೆ ಇಷ್ಟ್ಯಾಕ ತೂಕ?”

“ಹದಿನಾಕು ಸಾವಿರ ಮಂದಿ ಉಪಯುಕ್ತ ಅಂತ ಒತ್ಯಾರಕ್ಕ.”

“ಅವರರ ನೋಡಿದ್ರೇನು?”

ಅದಕ್ಕೆ ನನ್ನಲ್ಲಿ ಉತ್ತರ ಇತ್ತು. ನಿಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ. ಒತ್ತಿದಿರಿ, ಆ ಸಿನಿಮಾ ಬಿಟ್ಟು ಬೇರೆ ಯಾವುದೋ ಹುಡುಕಿಕೊಂಡಿರಿ. ಕಡತದಲ್ಲಿ ಅದೆಲ್ಲ ಇದೆ. ನಾನು ಹೇಳಲಿಲ್ಲ. ಅಕ್ಕ ಚೀಟಿ ಮಡಚಿ, “ನೀನರ ಒಮ್ಮೆ ನೋಡ್ತಿಯೇನು? ಮನ್ಯಾಗ ಹಾಕ್ತೀನಿ, ಬಾ,” ಎಂದಳು.

ನಾನು ಹೋಗಲಿಲ್ಲ. ಒಂದು ಬಿಂದು ಎಂಟು ಎಂದು ನನ್ನ ಕೈಯಾರೆ ಬರೆದಿದ್ದೆನಲ್ಲ. ಒಂದು ಬಿಂದು ಎಂಟಕ್ಕೆ ಯಾರು ಎರಡು ತಾಸು ಕೊಡುತ್ತಾರೆ? ಇದು ನನಗೆ ನಿಮ್ಮಿಂದ ಬಂದ ಬುದ್ಧಿ. ಸತ್ಯವಾದಿಯ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಬಾಯಿಗೆ ಬಂದದ್ದು ಬರೆಯುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಅವನ ಮಾತು ಕೇಳಿಕೊಂಡು ಮನೆಯಲ್ಲೇ ಉಳಿದವರು ನೀವು.

ಒಂಬತ್ತು ದಿನದ ಮೇಲೆ ಬೆಟಗೇರಿಯ ಚಿತ್ರಮಂದಿರದ ಮಾಬುಸಾಬ್, ಮಧ್ಯಾಹ್ನದ ಹೊತ್ತಿನಲ್ಲಿ, ಬಾಗಿಲು ತೆರೆದಿಟ್ಟೇ ಆ ಸಿನಿಮಾ ಹಾಕಿಬಿಟ್ಟರು. ಅವರು ನಮ್ಮಿಬ್ಬರನ್ನೂ ಚಿಕ್ಕಂದಿನಿಂದ ಬಲ್ಲವರು. ಯಾರೋ ಕಚೇರಿಗೆ ಸುದ್ದಿ ಮುಟ್ಟಿಸಿದರು. ಕಚೇರಿಯವರು ಬೀಗಮುದ್ರೆ ಕೊಟ್ಟು ನನ್ನನ್ನೇ ಕಳಿಸಿದರು.

ಒಳಗೆ ಏಳು ಜನ ಇದ್ದರು. ಮುಂದಿನ ಸಾಲಿನಲ್ಲಿ ಅಂಬವ್ವ, ಪಕ್ಕದಲ್ಲಿ ಅಕ್ಕ. ತೆರೆಯ ಮೇಲೆ ಅಂಬವ್ವನ ಕೈ ಮಾತ್ರ ಕಾಣುತ್ತಿತ್ತು. ಒಂದೊಂದೇ ಎಳೆ ಬಿಡಿಸುತ್ತಿದ್ದಳು. ಸದ್ದಿಲ್ಲ, ಹಾಡಿಲ್ಲ. ನಾನು ಹಿಂದಿನ ಬಾಗಿಲಲ್ಲಿ ನಿಂತೆ. ಒಂದು ನಿಮಿಷ ನಿಂತು ದೀಪ ಹಾಕಿಸುವುದೆಂದು ನಿಂತೆ. ಕೈ ಬಿಡಿಸುತ್ತಲೇ ಇತ್ತು. ಒಂದು ಕಡೆ ತಟ್ಟನೆ ನಿಂತಿತು, ಬಟ್ಟೆಯ ಮೇಲೆ ಹಾಗೇ ಬಿದ್ದುಕೊಂಡಿತು, ಮತ್ತೆ ಬಿಡಿಸತೊಡಗಿತು. ಇದು ಚೆನ್ನಾಗಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ನನ್ನ ಜನ್ಮದಲ್ಲಿ ಮೊದಲ ಸಲ, ಎಷ್ಟು ತಾರೆ ಎಂದು ಹೇಳಲಾಗದ ಒಂದರ ಮುಂದೆ ನಿಂತಿದ್ದೆ. ಹೆದರಿಕೆಯಾಯಿತು.

ಮಾಬುಸಾಬ್ ಬಂದು ಪಕ್ಕದಲ್ಲಿ ನಿಂತರು. “ಇನ್ನ ಹತ್ತೊಂಬತ್ತು ನಿಮಿಷ ಐತಿ ಮಗಳ. ಮುಗಿಲಿ. ಆಮ್ಯಾಲ ನೀ ಏನ್ ಮಾಡಂತಿ ಮಾಡ್ತೀನಿ. ಬೀಗ ನಾನ ಹಾಕಿ ಕೊಡ್ತೀನಿ.”

ನಾನು ಸಿನಿಮಾದ ಸ್ವಿಚ್ ಆರಿಸಿ ದೀಪ ಹಾಕಿದೆ.

ಯಾಕೆ ಎಂದು ಇವತ್ತಿಗೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ಕೆಲಸದ ಭಯ ಎಂದು ಎಲ್ಲರಿಗೂ ಹೇಳಿದೆ. ಅದಲ್ಲ. ಯಾರೂ ಹೇಳಿಕೊಡದೆ ಏನನ್ನೋ ಅನುಭವಿಸಬೇಕಾಗಿ ಬಂದದ್ದು ನನ್ನಿಂದ ತಡೆಯಲಾಗಲಿಲ್ಲ. ದೀಪ ಬಂದಾಗ ಯಾರೂ ಗಲಾಟೆ ಮಾಡಲಿಲ್ಲ. ಮುಂದಿನ ಸಾಲಿನಿಂದ ಅಕ್ಕ ಒಮ್ಮೆ ತಿರುಗಿ ನೋಡಿ ಎದ್ದು ಹೋದಳು. ಅಂಬವ್ವ ನನ್ನ ಹತ್ತಿರ ಬಂದಾಗ, ಕೇಳಬಾರದ್ದನ್ನು ಕೇಳಿದೆ: ಆ ತಪ್ಪಿದ ಎಳೆ ಕೊನೆಗೆ ಸಿಕ್ಕಿತೇ ಎಂದು.

“ದೀಪ ಹಚ್ಚಿದಾಕಿ ನೀನು. ನನ್ನ ಯಾಕ ಕೇಳ್ತಿ?” ಎಂದಳು ಆ ಮುದುಕಿ.

ಚಿತ್ರಮಂದಿರ ಈಗ ಉಗ್ರಾಣವಾಗಿದೆ. ಮಾಬುಸಾಬ್ ಮಗಳ ಊರಿಗೆ ಹೋದರು. ಗಡುವು ಮುಗಿದ ದಿನ ಸಿನಿಮಾ ಅಳಿಸಿದ ಚೀಟಿಗೆ ನಾನೇ ಸಹಿ ಹಾಕಿದೆ. ಅಕ್ಕನ ಮನೆಯಲ್ಲಿದ್ದ ಪ್ರತಿಯನ್ನೂ ಕಚೇರಿಯವರು ತಂದರು. ಅಂಬವ್ವ ಉರಿಮಾಸ ಹುಟ್ಟುವ ಮೊದಲೇ ತೀರಿಕೊಂಡಳು.

ಎಂಟು ತಿಂಗಳ ಮೇಲೆ, ಹೋದ ವಾರ, ಅಕ್ಕನ ಮನೆಗೆ ಹೋಗಿದ್ದೆ. ಒಳಗೆ ಕರೆದಳು. ಚಹಾ ಕೊಟ್ಟಳು. ನನ್ನ ಮೊಣಕಾಲು ನೋವಿನ ಬಗ್ಗೆ ವಿಚಾರಿಸಿದಳು. ಆಕೆ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಏಳುವಾಗ ತಡೆಯಲಾರದೆ ಹೇಳಿದೆ, “ಅಕ್ಕಾ, ಆ ಕಡೀ ಭಾಗ ಏನಿತ್ತಂತ ಬಾಯಿಮಾತಿನ್ಯಾಗರ ಹೇಳು.”

ಅಕ್ಕ ಲೋಟ ತೆಗೆದುಕೊಂಡಳು. “ಅದಕ್ಕ ಹತ್ತೊಂಬತ್ತು ನಿಮಿಷ ಬೇಕು ನೀಲಾ. ಮಾತಿನ್ಯಾಗ ಬರಂಗಿದ್ರ ನಾ ಹನ್ನೊಂದು ವರ್ಷ ಯಾಕ ಕುಂದರತಿದ್ದೆ?”

ಮನೆಗೆ ಬಂದು ಈ ಕಾಗದ ಬರೆಯಲು ಕೂತೆ. ಕಾಗದದ ಕೊನೆಗೆ ಓದುವವರಿಗೆ ಒಳ್ಳೆಯದಾಗಲಿ ಎಂದು ಬರೆಯುವುದು ರೂಢಿ. ನನ್ನಿಂದಾಗದು. ನೀವು ಕೆಟ್ಟವರೆಂದು ಅಲ್ಲ. ಕೆಟ್ಟವರಾದರೂ ಆಗಿದ್ದರೆ ದ್ವೇಷಿಸಲು ಒಂದು ಮುಖ ಸಿಗುತ್ತಿತ್ತು. ಸೋಮಾರಿತನಕ್ಕೆ ಉಪಯುಕ್ತ ಎಂದು ಹೆಸರಿಟ್ಟುಕೊಂಡಿರಿ, ಅದನ್ನು ನಮ್ಮ ತಲೆಗೆ ಕಟ್ಟಿದಿರಿ. ಸತ್ಯವಾದಿಯ ಮಾತಿಗೆ ನೀವು ನೋಡದೆ ಬಿಟ್ಟ ಆ ಮುದುಕಿಯ ಸಿನಿಮಾ ಇಲ್ಲಿ ಎಲ್ಲಿಯೂ ಇಲ್ಲ. ನಿಮ್ಮ ಕಾಲದಲ್ಲೇ ಕಳೆದುಹೋಗಿದೆ. ಈ ಕಾಗದ ಸಿಕ್ಕ ದಿನ ಅದು ಎಲ್ಲಾದರೂ ಇನ್ನೂ ಓಡುತ್ತಿದ್ದರೆ, ಫೋನು ಒಳಗಿಟ್ಟು ಹೋಗಿ ಕೂರಿ. ಬೇಸರವಾದರೆ ಆಗಲಿ, ನಿದ್ದೆ ಬಂದರೆ ಬರಲಿ. ಅದು ನಿಮ್ಮ ಬೇಸರ, ನಿಮ್ಮ ನಿದ್ದೆ. ಕೊನೆಯವರೆಗೆ ಮಾತ್ರ ಎದ್ದು ಬರಬೇಡಿ. ನನಗೆ ಉತ್ತರ ಬರೆಯುವುದೂ ಬೇಡ.

ನೀಲವ್ವ ಹೊಸಳ್ಳಿ
ಮೂರನೆಯ ಕಿಟಕಿ